ಗ್ರಂಥಾಲಯ ನಿರ್ದೇಶಕರ ಸಂಘಕ್ಕೆ ಸಂಬಳವಿಲ್ಲದ ಅಧ್ಯಕ್ಷರಾಗುವುದೆಂದರೆ

ಕರ್ನಾಟಕದಲ್ಲಿ ಗ್ರಂಥಾಲಯ ನಿರ್ದೇಶಕರು ಎಂದಾಕ್ಷಣ ನಮಗೆ ನೆನಪಾಗುವುದು ಒಬ್ಬರೇ ಅಧಿಕಾರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಇಡೀ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಒಬ್ಬ ನಿರ್ದೇಶಕರಿರುತ್ತಾರೆ. ಅವರ ಕೆಳಗೆ ಉಪನಿರ್ದೇಶಕರು, ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಅಧಿಕಾರಿಗಳು, ಶಾಖಾ ಗ್ರಂಥಪಾಲಕರು ಶ್ರೇಣಿಯಾಗಿ ಕೆಲಸ ಮಾಡುತ್ತಾರೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲಿನ ಗ್ರಂಥಾಲಯ ಕರವೂ ಆ ವ್ಯವಸ್ಥೆಗೇ ಹೋಗಿ ಸೇರುತ್ತದೆ. ಆದ್ದರಿಂದ ನಿರ್ದೇಶಕರು ಹತ್ತಾರು ಮಂದಿ ಸೇರಿ ಒಂದು ಸಂಘ ಕಟ್ಟಿಕೊಳ್ಳುತ್ತಾರೆ, ಅದಕ್ಕೆ ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ ಎಂದರೆ ನಮ್ಮ ಓದುಗರಿಗೆ ಅದು ಸುಲಭಕ್ಕೆ ಅರ್ಥವಾಗುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉದಾಹರಣೆಯನ್ನು ಇಟ್ಟುಕೊಂಡು, ಅಂಥ ಸಂಘವೊಂದನ್ನು ಸಂಬಳವಿಲ್ಲದೆ ಮುನ್ನಡೆಸುವ ಕೆಲಸ ಎಂಥದ್ದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ನ್ಯೂಯಾರ್ಕ್ ರಾಜ್ಯದಲ್ಲಿ ಸುಮಾರು 750 ಸಾರ್ವಜನಿಕ ಗ್ರಂಥಾಲಯಗಳಿವೆ. ಅವುಗಳಲ್ಲಿ ಬಹುಪಾಲು ಯಾವ ಇಲಾಖೆಯ ಶಾಖೆಗಳೂ ಅಲ್ಲ, ತಮ್ಮ ತಮ್ಮ ಊರಿನ ಸ್ವತಂತ್ರ ಸಂಸ್ಥೆಗಳು. ಕೆಲವು ಪುರಸಭೆಗೆ ಸೇರಿದವು, ಕೆಲವು ಶಾಲಾ ಜಿಲ್ಲೆಯ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕದ) ಗಡಿಯನ್ನೇ ತಮ್ಮ ಗಡಿಯಾಗಿ ಮಾಡಿಕೊಂಡವು, ಕೆಲವು ಗ್ರಂಥಾಲಯಕ್ಕೆಂದೇ ರಚಿಸಿದ ವಿಶೇಷ ಜಿಲ್ಲೆಗಳು. ಇನ್ನು ಕೆಲವು ಊರಿನ ಜನ ಸೇರಿ ಕಟ್ಟಿದ ಖಾಸಗಿ, ಲಾಭರಹಿತ ಸಂಘಗಳಾಗಿದ್ದು ಸಾರ್ವಜನಿಕ ಹಣ ಪಡೆದು ಎಲ್ಲರಿಗೂ ಬಾಗಿಲು ತೆರೆದಿಟ್ಟಿವೆ. ಪ್ರತಿಯೊಂದಕ್ಕೂ ಒಂದು ಟ್ರಸ್ಟಿಗಳ ಮಂಡಳಿ ಇರುತ್ತದೆ, ಆ ಮಂಡಳಿ ಒಬ್ಬ ನಿರ್ದೇಶಕರನ್ನು ನೇಮಿಸುತ್ತದೆ. ಎಷ್ಟೋ ಊರುಗಳಲ್ಲಿ ಗ್ರಂಥಾಲಯದ ತೆರಿಗೆ ಎಷ್ಟಿರಬೇಕೆಂಬುದನ್ನು ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. ಅಲ್ಲಿನ ಶಿಕ್ಷಣ ಕಾನೂನಿನ 259ನೆಯ ಕಲಮಿನ ಪ್ರಕಾರ, ಆ ಊರಿನ ನಿಗದಿತ ಸಂಖ್ಯೆಯ ಮತದಾರರು ಸಹಿ ಮಾಡಿದರೆ ಗ್ರಂಥಾಲಯದ ಬೇಡಿಕೆ ನೇರವಾಗಿ ಮತಪತ್ರವನ್ನೇರುತ್ತದೆ.

ಈ ಬಿಡಿ ಬಿಡಿ ಗ್ರಂಥಾಲಯಗಳನ್ನು ಒಟ್ಟುಗೂಡಿಸಲು ರಾಜ್ಯದಲ್ಲಿ 23 ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಗಳಿವೆ. ಅವುಗಳಲ್ಲಿ 16 ಸಹಕಾರಿ ಮಾದರಿಯವು. ನ್ಯೂಯಾರ್ಕ್ ನಗರದ ಉತ್ತರಕ್ಕೆ ಅಂಟಿಕೊಂಡಿರುವ ವೆಸ್ಟ್‌ಚೆಸ್ಟರ್ ಕೌಂಟಿಯ ವ್ಯವಸ್ಥೆ ಈ ಬಗೆಯದು, ಅದರಲ್ಲಿ 38 ಸದಸ್ಯ ಗ್ರಂಥಾಲಯಗಳಿವೆ. ಎರಡು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಯಾಂಕರ್ಸ್ ನಗರದ ಗ್ರಂಥಾಲಯವೂ ಅದರಲ್ಲಿದೆ, ಐದು ಸಾವಿರದ ಆಸುಪಾಸಿನಲ್ಲಿರುವ ನಾರ್ತ್ ಸೇಲಂ ಊರಿನದೂ ಇದೆ. ಗ್ರಂಥಸೂಚಿ, ಗಣಕ ವ್ಯವಸ್ಥೆ, ಒಂದು ಊರಿನ ಪುಸ್ತಕವನ್ನು ಇನ್ನೊಂದು ಊರಿಗೆ ಸಾಗಿಸುವ ವಾಹನ, ಇ–ಪುಸ್ತಕಗಳ ಖರೀದಿ ಇವೆಲ್ಲ ಇಂಥ ವ್ಯವಸ್ಥೆಗಳ ಮೂಲಕ ನಡೆಯುತ್ತವೆ. ವ್ಯವಸ್ಥೆಗೆ ತನ್ನದೇ ಮಂಡಳಿ, ತನ್ನದೇ ಕಾರ್ಯನಿರ್ವಾಹಕ ನಿರ್ದೇಶಕರು ಮತ್ತು ಸಂಬಳದ ಸಿಬ್ಬಂದಿ ಇರುತ್ತಾರೆ. ನಿರ್ದೇಶಕರ ಸಂಘ ಇದರಿಂದ ಬೇರೆಯದು. ಅದು ಸದಸ್ಯ ಗ್ರಂಥಾಲಯಗಳ ಮುಖ್ಯಸ್ಥರು ತಾವಾಗಿಯೇ ಕಟ್ಟಿಕೊಂಡ ಕೂಟ, ವ್ಯವಸ್ಥೆಗೆ ಸಲಹೆ ಕೊಡುತ್ತದೆ, ಬೇಕಾದಾಗ ಅದರೊಂದಿಗೆ ಚೌಕಾಸಿಯನ್ನೂ ಮಾಡುತ್ತದೆ. ಹೊರಗಿನವರು ಈ ಎರಡನ್ನೂ ಒಂದೆಂದು ಭಾವಿಸುವುದು ಸಾಮಾನ್ಯ.

ಇಂಥ ಸಂಘ ಏಕೆ ಬೇಕು ಎಂಬುದಕ್ಕೆ ಮೊದಲ ಉತ್ತರ ಹಣದ್ದಲ್ಲ, ಒಂಟಿತನದ್ದು. ಊರಿನ ಗ್ರಂಥಾಲಯದಲ್ಲಿ ನಿರ್ದೇಶಕರ ಹುದ್ದೆ ಒಂದೇ. ಮೇಲೆ ಅವರನ್ನು ನೇಮಿಸುವ, ಬೇಕಾದರೆ ತೆಗೆದುಹಾಕುವ ಮಂಡಳಿ ಇದೆ, ಕೆಳಗೆ ಅವರು ನೇಮಿಸುವ, ಮೌಲ್ಯಮಾಪನ ಮಾಡುವ ಸಿಬ್ಬಂದಿ ಇದ್ದಾರೆ. ಮಂಡಳಿಯ ಅಧ್ಯಕ್ಷರೊಂದಿಗೆ ಮನಸ್ತಾಪವಾದರೆ ಅದನ್ನು ಸಿಬ್ಬಂದಿಯೊಂದಿಗೆ ಹಂಚಿಕೊಳ್ಳುವಂತಿಲ್ಲ. ಒಬ್ಬ ನೌಕರನನ್ನು ಕೆಲಸದಿಂದ ತೆಗೆಯಬೇಕೇ ಬೇಡವೇ ಎಂಬ ಗೊಂದಲವನ್ನು, ಇನ್ನೂ ಹಣ್ಣಾಗದ ಯೋಚನೆಯಾಗಿರುವಾಗಲೇ, ಮಂಡಳಿಯ ಮುಂದಿಡುವುದೂ ಕಷ್ಟ. ಅದೇ ಹೊರೆ ಹೊತ್ತಿರುವ ಪಕ್ಕದ ಊರಿನವರು ಮಾತ್ರ ಇಂಥ ಮಾತಿಗೆ ಕಿವಿಯಾಗಬಲ್ಲರು. ಸಂಘದ ಮಾಸಿಕ ಸಭೆಯಲ್ಲಿ ಕಾರ್ಯಸೂಚಿ ಮುಗಿದ ಮೇಲೆ ಕಾಫಿಯ ಜೊತೆಗೆ ನಡೆಯುವ ಹತ್ತು ನಿಮಿಷದ ಮಾತು ಎಷ್ಟೋ ಸಲ ಕಾರ್ಯಸೂಚಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಾನು ನಂಬುತ್ತೇನೆ. ಆ ಮಾತಿಗೆ ಜಾಗ ಉಳಿಯುವಂತೆ ಸಭೆಯನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದೂ ಅಧ್ಯಕ್ಷರ ಕೆಲಸವೇ.

ಇಂಥ ಸಂಘಗಳಲ್ಲಿ ಸಾಮಾನ್ಯವಾಗಿ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ನಾಲ್ಕು ಹುದ್ದೆಗಳಿರುತ್ತವೆ. ಯಾರಿಗೂ ಸಂಬಳವಿಲ್ಲ. ಅನೇಕ ಕಡೆ ಉಪಾಧ್ಯಕ್ಷರಾಗಿ ಬಂದವರು ಮರುವರ್ಷ ಅಧ್ಯಕ್ಷರಾಗುತ್ತಾರೆ, ಅದರ ಮರುವರ್ಷ ನಿಕಟಪೂರ್ವ ಅಧ್ಯಕ್ಷರಾಗಿ ಕಾರ್ಯಕಾರಿ ಸಮಿತಿಯಲ್ಲಿ ಉಳಿಯುತ್ತಾರೆ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ 103 ಮಂದಿ ಸೇರಿ ಆರಂಭಿಸಿದ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಕೂಡ ಇಂದು ತನ್ನ ಅಧ್ಯಕ್ಷರನ್ನು ಇದೇ ಮೂರು ವರ್ಷದ ಮೆಟ್ಟಿಲ ಮೇಲೆ ನಡೆಸುತ್ತದೆ. ಹೀಗಾಗಿ ಒಂದು ವರ್ಷದ ಜವಾಬ್ದಾರಿ ಎಂದು ಭಾವಿಸಿ ಒಪ್ಪಿಕೊಂಡವರು ನಿಜಕ್ಕೂ ಮೂರು ವರ್ಷವನ್ನು ಕೊಡುತ್ತಿರುತ್ತಾರೆ. ಒಪ್ಪುವ ಮುನ್ನ ತಮ್ಮ ಮಂಡಳಿಯೊಂದಿಗೆ ಇದನ್ನು ಬಾಯಿಬಿಟ್ಟು ಹೇಳಿ, ಯಾವ ಕೆಲಸ ಕಚೇರಿಯ ಸಮಯದಲ್ಲಿ ನಡೆಯುತ್ತದೆ, ಪ್ರಯಾಣದ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಊರಿನ ತೆರಿಗೆದಾರರು ತಮ್ಮ ನಿರ್ದೇಶಕರಿಗೆ ಸಂಬಳ ಕೊಡುವುದು ತಮ್ಮ ಗ್ರಂಥಾಲಯಕ್ಕಾಗಿ, ಅವರು ಆ ಪ್ರಶ್ನೆ ಕೇಳಿದ ದಿನ ಉತ್ತರ ಸಿದ್ಧವಿರಬೇಕು.

ಇನ್ನು ಅಧಿಕಾರದ ಮಾತು. ಸಂಘದ ಅಧ್ಯಕ್ಷರಿಗೆ ಯಾವ ಸದಸ್ಯ ಗ್ರಂಥಾಲಯಕ್ಕೂ ಆದೇಶ ಕೊಡುವ ಹಕ್ಕಿಲ್ಲ. ಸಭೆಯಲ್ಲಿ ಸರ್ವಾನುಮತದಿಂದ ಒಪ್ಪಿದ ಠರಾವನ್ನು ಕೂಡ ಒಂದು ಊರಿನ ಟ್ರಸ್ಟಿಗಳ ಮಂಡಳಿ ಒಪ್ಪದಿದ್ದರೆ ಅದು ಆ ಊರಿನಲ್ಲಿ ಜಾರಿಯಾಗುವುದಿಲ್ಲ. ಅಧ್ಯಕ್ಷರ ಕೈಯಲ್ಲಿರುವುದು ಕಾರ್ಯಸೂಚಿಯ ಕ್ರಮ, ಯಾರಿಗೆ ಯಾವಾಗ ಮಾತಿಗೆ ಅವಕಾಶ ಎಂಬ ತೀರ್ಮಾನ ಮತ್ತು ಎಲ್ಲರ ಪರವಾಗಿ ಬರೆಯುವ ಪತ್ರ, ಇಷ್ಟೇ. ಅಮೆರಿಕದ ಬಹುತೇಕ ಸಂಘಗಳು ಸಭೆ ನಡೆಸಲು ಅನುಸರಿಸುವುದು ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರ್ ರೂಪಿಸಿ, ಅದೇ 1876ರಲ್ಲಿ ಪ್ರಕಟಿಸಿದ ಸಭಾ ನಿಯಮಗಳನ್ನು. ಆ ನಿಯಮಗಳ ಪ್ರಕಾರ ಹತ್ತು–ಹನ್ನೆರಡು ಮಂದಿಯ ಸಣ್ಣ ಮಂಡಳಿಯಲ್ಲಾದರೆ ಅಧ್ಯಕ್ಷರು ಚರ್ಚೆಯಲ್ಲಿ ಭಾಗವಹಿಸಬಹುದು, ದೊಡ್ಡ ಸಭೆಯಲ್ಲಿ ಅವರು ವಾದದಿಂದ ದೂರ ಉಳಿಯಬೇಕು. 38 ಮಂದಿ ನಿರ್ದೇಶಕರ ಸಭೆ ಎರಡನೆಯ ಬಗೆಯದು. ತಮ್ಮ ಗ್ರಂಥಾಲಯಕ್ಕೆ ನೇರವಾಗಿ ತಟ್ಟುವ ವಿಷಯ ಬಂದಾಗಲೂ ಸುಮ್ಮನಿರಬೇಕಾಗುತ್ತದೆ. ಮಾತನಾಡಲೇಬೇಕೆಂದರೆ ಪೀಠವನ್ನು ಉಪಾಧ್ಯಕ್ಷರಿಗೆ ಬಿಟ್ಟುಕೊಟ್ಟು, ಆ ವಿಷಯ ಇತ್ಯರ್ಥವಾಗುವವರೆಗೆ ಸದಸ್ಯರ ಸಾಲಿನಲ್ಲಿ ಕೂರಬೇಕು. ಹೊಸ ಅಧ್ಯಕ್ಷರಿಗೆ ಅತ್ಯಂತ ಕಷ್ಟವಾಗುವುದು ಇದೇ, ಏಕೆಂದರೆ ಅವರನ್ನು ಆರಿಸಿದ್ದೇ ಅವರು ಚೆನ್ನಾಗಿ ಮಾತನಾಡುತ್ತಾರೆ ಎಂಬ ಕಾರಣಕ್ಕೆ.

ಸಂಘದ ನಿಜವಾದ ಪರೀಕ್ಷೆ ನಡೆಯುವುದು ಸಾಮೂಹಿಕ ಖರ್ಚನ್ನು ಹಂಚುವಾಗ. ಒಂದು ಲೆಕ್ಕ ಹಾಕಿ ನೋಡೋಣ. ಹತ್ತು ಗ್ರಂಥಾಲಯಗಳು ಸೇರಿ ಒಂದೇ ಗಣಕ ವ್ಯವಸ್ಥೆಗೆ ವರ್ಷಕ್ಕೆ 1,00,000 ಡಾಲರ್ ಕೊಡಬೇಕಾಗಿದೆ ಎಂದುಕೊಳ್ಳಿ. ಅವುಗಳ ಒಟ್ಟು ಜನಸಂಖ್ಯೆ 4 ಲಕ್ಷ, ಅದರಲ್ಲಿ ದೊಡ್ಡ ನಗರದ್ದು 2 ಲಕ್ಷ, ಅತಿ ಸಣ್ಣ ಊರಿನದು 5 ಸಾವಿರ. ಎಲ್ಲರಿಗೂ ಸಮಪಾಲು ಎಂದರೆ ದೊಡ್ಡ ನಗರವೂ ಸಣ್ಣ ಊರೂ ತಲಾ 10,000 ಡಾಲರ್ ಕೊಡಬೇಕು. ಸಣ್ಣ ಊರು ಅದನ್ನು ತಾಳಲಾರದು. ಜನಸಂಖ್ಯೆಯ ಪ್ರಕಾರ ಎಂದರೆ ದೊಡ್ಡ ನಗರದ ಪಾಲು 50,000, ಸಣ್ಣ ಊರಿನದು 1,250. ಆಗ ದೊಡ್ಡ ನಗರದ ನಿರ್ದೇಶಕರು, ಅರ್ಧ ಹಣ ನಮ್ಮದಾದರೆ ಹತ್ತರಲ್ಲಿ ಒಂದೇ ಮತ ಏಕೆ ಎಂದು ಕೇಳುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಅರ್ಧವನ್ನು ಸಮಪಾಲಾಗಿ, ಇನ್ನರ್ಧವನ್ನು ಜನಸಂಖ್ಯೆಯ ಪ್ರಕಾರ ಹಂಚಿದರೆ ದೊಡ್ಡ ನಗರಕ್ಕೆ 30,000, ಸಣ್ಣ ಊರಿಗೆ 5,625 ಬರುತ್ತದೆ. ಜನಸಂಖ್ಯೆಯ ಬದಲು ಎರವಲು ಹೋದ ಪುಸ್ತಕಗಳ ಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡರೆ ಚಿತ್ರ ಮತ್ತೆ ಬದಲಾಗುತ್ತದೆ, ಏಕೆಂದರೆ ಶ್ರೀಮಂತ ಸಣ್ಣ ಊರುಗಳಲ್ಲಿ ತಲಾವಾರು ಓದು ಹೆಚ್ಚು, ಬಡ ನಗರದಲ್ಲಿ ಜನಸಂಖ್ಯೆ ಹೆಚ್ಚಿದ್ದರೂ ಗ್ರಂಥಾಲಯದ ಆದಾಯ ಕಡಿಮೆ.

ಇಲ್ಲಿ ಅಧ್ಯಕ್ಷರು ಮಾಡಬಹುದಾದದ್ದು ಒಂದು ಸೂತ್ರವನ್ನು ಗೆಲ್ಲಿಸುವುದಲ್ಲ. ಪ್ರತಿಯೊಂದು ಸೂತ್ರದಿಂದ ಪ್ರತಿಯೊಂದು ಗ್ರಂಥಾಲಯಕ್ಕೆ ಬರುವ ಮೊತ್ತವನ್ನು ಸಭೆಗೆ ಎರಡು ವಾರ ಮೊದಲೇ ಎಲ್ಲರ ಕೈಗೆ ತಲುಪಿಸುವುದು. ಹೆಚ್ಚು ಹೊರೆ ಬೀಳುವ ಮೂರ್ನಾಲ್ಕು ಮಂದಿಗೆ ಮುಂಚೆಯೇ ತಾವೇ ಫೋನ್ ಮಾಡಿ ಹೇಳುವುದು. ಬದಲಾವಣೆಯನ್ನು ಒಂದೇ ವರ್ಷದಲ್ಲಿ ಹೇರದೆ ಮೂರು ವರ್ಷಗಳಿಗೆ ಹರಡುವ ಪ್ರಸ್ತಾಪವನ್ನು ಮೇಜಿನ ಮೇಲಿಡುವುದು. ಬಹುಮತ ಸಿಕ್ಕಿತೆಂದು ತಕ್ಷಣ ಮತಕ್ಕೆ ಹಾಕಿದರೆ ಠರಾವು ಗೆಲ್ಲುತ್ತದೆ, ಆದರೆ ಸೋತ ಗ್ರಂಥಾಲಯದ ಮಂಡಳಿ ಮುಂದಿನ ಒಪ್ಪಂದಕ್ಕೆ ಸಹಿ ಹಾಕಲು ಹಿಂಜರಿಯುತ್ತದೆ. ಒಪ್ಪಂದದಿಂದ ಒಬ್ಬರು ಹೊರಹೋದರೂ ಉಳಿದವರ ಪಾಲು ಏರುತ್ತದೆ. ಆದ್ದರಿಂದ ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ, ಕಾಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ದಂಡದ ವಿಷಯವೂ ಇಂಥದ್ದೇ. 2019ರಲ್ಲಿ ಶಿಕಾಗೊ, 2021ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ನಗರದ ಗ್ರಂಥಾಲಯಗಳು ತಡವಾಗಿ ಮರಳಿಸುವ ಪುಸ್ತಕಗಳ ಮೇಲಿನ ದಂಡವನ್ನು ತೆಗೆದುಹಾಕಿದವು. ದಂಡದಿಂದ ದೂರ ಸರಿಯುವವರು ಹೆಚ್ಚಾಗಿ ಬಡವರ ಮಕ್ಕಳು ಎಂಬ ವಾದಕ್ಕೆ ಹೆಚ್ಚಿನ ನಿರ್ದೇಶಕರು ತಲೆದೂಗುತ್ತಾರೆ. ಒಂದೇ ಮಂಡಳಿಯ ಕೆಳಗಿರುವ ಮಹಾನಗರದ ಗ್ರಂಥಾಲಯಕ್ಕೆ ಅದು ಒಂದು ತೀರ್ಮಾನದ ಮಾತು. ಸಹಕಾರಿ ವ್ಯವಸ್ಥೆಯಲ್ಲಿ ಓದುಗರು ಒಂದು ಊರಿನ ಪುಸ್ತಕವನ್ನು ಇನ್ನೊಂದು ಊರಿನಲ್ಲಿ ಪಡೆದು ಮೂರನೆಯ ಊರಿನಲ್ಲಿ ಮರಳಿಸಬಹುದು. ಒಂದು ಊರು ದಂಡ ಬಿಟ್ಟು ಪಕ್ಕದ ಊರು ಉಳಿಸಿಕೊಂಡರೆ, ಒಬ್ಬರೇ ಓದುಗರಿಗೆ ಅದೇ ದಿನ ತಂದ ಎರಡು ಪುಸ್ತಕಗಳಿಗೆ ಎರಡು ನಿಯಮ. ವಿವರಣೆ ಕೊಡಬೇಕಾದವರು ಕೌಂಟರಿನಲ್ಲಿ ಕುಳಿತ ಸಹಾಯಕರು. ಅದೇ ದಂಡದ ಆದಾಯವನ್ನು ಬಜೆಟ್ಟಿನಲ್ಲಿ ಈಗಾಗಲೇ ನಮೂದಿಸಿರುವ ಪುಟ್ಟ ಗ್ರಂಥಾಲಯಕ್ಕೆ ಅದು ಸಣ್ಣ ಮೊತ್ತವೂ ಅಲ್ಲ. ಎಲ್ಲರೂ ಒಂದೇ ದಿನಾಂಕಕ್ಕೆ ಒಪ್ಪುವಂತೆ ಮಾಡಲು ಸಂಘವಲ್ಲದೆ ಬೇರೆ ವೇದಿಕೆ ಇಲ್ಲ.

ಸಂಘ ಹೊರಜಗತ್ತಿನೊಂದಿಗೆ ಮಾತನಾಡಬೇಕಾದ ಸಂದರ್ಭಗಳೂ ಇವೆ. ಮ್ಯಾಕ್ಮಿಲನ್ ಪ್ರಕಾಶನ ಸಂಸ್ಥೆ 2019ರ ನವೆಂಬರ್ 1ರಿಂದ, ಹೊಸ ಇ–ಪುಸ್ತಕ ಬಂದ ಮೊದಲ ಎಂಟು ವಾರ ಒಂದು ಇಡೀ ಗ್ರಂಥಾಲಯ ವ್ಯವಸ್ಥೆಗೆ ಒಂದೇ ಪ್ರತಿ ಎಂಬ ನಿಯಮ ತಂದಿತು. ಒಂಟಿ ಗ್ರಂಥಾಲಯದ ಪತ್ರಕ್ಕೆ ದೊಡ್ಡ ಪ್ರಕಾಶಕರು ಕಿವಿಗೊಡುವುದು ಅಪರೂಪ. ಆದರೆ ದೇಶದ ಉದ್ದಗಲಕ್ಕೂ ಗ್ರಂಥಾಲಯಗಳು ಒಟ್ಟಾಗಿ ಪ್ರತಿಭಟಿಸಿದವು, ಎಷ್ಟೋ ವ್ಯವಸ್ಥೆಗಳು ಖರೀದಿಯನ್ನೇ ನಿಲ್ಲಿಸಿದವು. 2020ರ ಮಾರ್ಚ್ 17ರಂದು ಸಂಸ್ಥೆ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ನ್ಯಾಯವಾದ ಷರತ್ತುಗಳಲ್ಲಿ ಗ್ರಂಥಾಲಯಗಳಿಗೆ ಇ–ಪುಸ್ತಕ ಕೊಡಬೇಕೆಂಬ ಮಸೂದೆ 2021ರಲ್ಲಿ ನ್ಯೂಯಾರ್ಕ್ ಶಾಸಕಾಂಗದಲ್ಲಿ ಅಂಗೀಕಾರವಾದರೂ ರಾಜ್ಯಪಾಲರಾದ ಕ್ಯಾಥಿ ಹೋಕುಲ್ ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿದರು. ಅಂಥದ್ದೇ ಮೇರಿಲ್ಯಾಂಡ್ ಕಾನೂನನ್ನು 2022ರಲ್ಲಿ ಫೆಡರಲ್ ನ್ಯಾಯಾಲಯ, ಹಕ್ಕುಸ್ವಾಮ್ಯ ಕೇಂದ್ರ ಕಾನೂನಿನ ವಿಷಯವೆಂಬ ಕಾರಣಕ್ಕೆ ಅಸಿಂಧುಗೊಳಿಸಿತು. ಅಧ್ಯಕ್ಷರು ಇದನ್ನೆಲ್ಲ ಅರಿತು, ಯಾವ ಬೇಡಿಕೆಯನ್ನು ಯಾರ ಮುಂದೆ ಇಡಬೇಕು ಎಂಬುದನ್ನು ಸದಸ್ಯರಿಗೆ ತಿಳಿಯಾಗಿ ಹೇಳಬೇಕಾಗುತ್ತದೆ.

ಹೀಗೆ ಮಾತನಾಡುವುದಕ್ಕೂ ಮಿತಿಗಳಿವೆ. ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ ದತ್ತಿ ಸಂಸ್ಥೆಯಾಗಿ ಸಂಘ ನೋಂದಣಿಯಾಗಿದ್ದರೆ, ಶಾಸನಗಳ ಪರ ಅಥವಾ ವಿರುದ್ಧ ಲಾಬಿ ಮಾಡುವುದು ಅದರ ಚಟುವಟಿಕೆಯ ದೊಡ್ಡ ಭಾಗವಾಗಬಾರದು, ಚುನಾವಣೆಯ ಅಭ್ಯರ್ಥಿಗಳ ಪರ ಪ್ರಚಾರವಂತೂ ಸಂಪೂರ್ಣ ನಿಷಿದ್ಧ. ಗ್ರಂಥಾಲಯದ ಬಜೆಟ್ ಮತದಾನದ ಬಗ್ಗೆ ಇನ್ನೊಂದು ಎಚ್ಚರಿಕೆ ಬೇಕು. ಶಾಲಾ ಜಿಲ್ಲೆಯೊಂದರ ಪ್ರಕರಣದಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ 1986ರಲ್ಲಿ ಕೊಟ್ಟ ತೀರ್ಪಿನಂತೆ, ಸಾರ್ವಜನಿಕ ಹಣದಿಂದ ಮತದಾರರಿಗೆ ಮಾಹಿತಿ ಕೊಡಬಹುದು, ಇಂತಿಂಥ ಕಡೆಗೇ ಮತ ಹಾಕಿ ಎಂದು ಒತ್ತಾಯಿಸುವಂತಿಲ್ಲ. ಗ್ರಂಥಾಲಯಗಳೂ ಅದೇ ಗೆರೆಯೊಳಗೆ ನಡೆಯುತ್ತವೆ. ‘ಮಂಗಳವಾರ ಮತದಾನವಿದೆ, ತಪ್ಪದೆ ಬನ್ನಿ’ ಎನ್ನುವುದು ಸರಿ, ‘ಹೌದು ಎಂದು ಮತ ಹಾಕಿ’ ಎನ್ನುವುದು ತಪ್ಪು. ಸಂಘದ ಹೆಸರಿನಲ್ಲಿ ಪತ್ರ ಬರೆಯುವವರು ಈ ಗೆರೆಯನ್ನು ತಾವು ಮೀರದಿರುವುದಷ್ಟೇ ಅಲ್ಲ, ಉತ್ಸಾಹಿ ಸದಸ್ಯರು ಮೀರದಂತೆಯೂ ನೋಡಿಕೊಳ್ಳಬೇಕು.

ಆ 2020ರ ಮಾರ್ಚ್ 17ರಂದೇ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಕಾರ್ಯಕಾರಿ ಮಂಡಳಿ, ಕೊರೊನಾ ಸೋಂಕಿನ ಕಾರಣ ಗ್ರಂಥಾಲಯಗಳು ಸಾರ್ವಜನಿಕರಿಗೆ ಬಾಗಿಲು ಮುಚ್ಚುವುದು ಒಳಿತು ಎಂದು ಶಿಫಾರಸು ಮಾಡಿತ್ತು. ಅದು ಶಿಫಾರಸು ಮಾತ್ರ, ತೀರ್ಮಾನ ಪ್ರತಿ ಊರಿನ ಮಂಡಳಿಯದು. ಮರಳಿ ಬಂದ ಪುಸ್ತಕವನ್ನು ಎಷ್ಟು ದಿನ ಪ್ರತ್ಯೇಕವಾಗಿಡಬೇಕು, ಮನೆಯಿಂದ ಕೆಲಸ ಮಾಡಲಾಗದ ಪುಸ್ತಕ ಜೋಡಿಸುವ ಹುಡುಗರಿಗೆ ಸಂಬಳ ಕೊಡಬೇಕೇ, ಪಕ್ಕದ ಊರು ತೆರೆದಾಗ ನಾವು ಮುಚ್ಚಿಕೊಂಡಿದ್ದರೆ ಜನ ಏನೆನ್ನುತ್ತಾರೆ, ಇಂಥ ಪ್ರಶ್ನೆಗಳಿಗೆ ಆ ದಿನಗಳಲ್ಲಿ ಯಾವ ಕೈಪಿಡಿಯಲ್ಲೂ ಉತ್ತರವಿರಲಿಲ್ಲ. ನೆರೆಯ ನಿರ್ದೇಶಕರು ಇಂದು ಏನು ಮಾಡುತ್ತಿದ್ದಾರೆ ಎಂಬುದೇ ಆಗ ಕೈಗೆ ಸಿಗುವ ಮಾರ್ಗದರ್ಶಿಯಾಗಿತ್ತು, ಅದನ್ನು ಒಂದೆಡೆ ಸೇರಿಸಿ ಎಲ್ಲರಿಗೂ ತಲುಪಿಸಲು ಸಂಘದಂಥ ಕೂಟವೇ ಬೇಕಾಗಿತ್ತು.

ಪುಸ್ತಕಗಳನ್ನು ಕಪಾಟಿನಿಂದ ತೆಗೆಯಿರಿ ಎಂಬ ಒತ್ತಡ ಇತ್ತೀಚಿನ ಇನ್ನೊಂದು ಬಿಕ್ಕಟ್ಟು. 2023ರಲ್ಲಿ ಅಮೆರಿಕದಾದ್ಯಂತ 4,240 ಬೇರೆ ಬೇರೆ ಶೀರ್ಷಿಕೆಗಳ ಮೇಲೆ ಆಕ್ಷೇಪ ಬಂದದ್ದನ್ನು ಆ ಅಸೋಸಿಯೇಷನ್ ದಾಖಲಿಸಿದೆ. ಆಕ್ಷೇಪಣೆ ಬಂದ ರಾತ್ರಿ ನಿರ್ದೇಶಕರೊಬ್ಬರು ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದರೆ, ಅವರಿಗೆ ಬೇಕಾಗಿರುವುದು ಹೇಳಿಕೆಯಲ್ಲ. ಮರುಪರಿಶೀಲನೆಯ ಲಿಖಿತ ನೀತಿ ನಿಮ್ಮ ಮಂಡಳಿಯಲ್ಲಿ ಅಂಗೀಕಾರವಾಗಿದೆಯೇ, ಸಭೆಯಲ್ಲಿ ಸಾರ್ವಜನಿಕರ ಮಾತಿಗೆ ಎಷ್ಟು ನಿಮಿಷ ಇಟ್ಟಿದ್ದೀರಿ, ಸಿಬ್ಬಂದಿಯನ್ನು ಮನೆಗೆ ಕಳುಹಿಸಿದಿರಾ ಎಂದು ಸಮಾಧಾನದಿಂದ ಕೇಳುವ ಒಂದು ದನಿ ಬೇಕು. ಆ ಫೋನಿನಲ್ಲಿ ಕೇಳಿದ್ದು ಅಲ್ಲಿಗೇ ಉಳಿಯಬೇಕು. ಒಂದು ಸಲ ಅದು ಇನ್ನೊಂದು ಕಿವಿಗೆ ಬಿದ್ದರೆ ಮತ್ತೆ ಯಾರೂ ಫೋನ್ ಮಾಡುವುದಿಲ್ಲ.

ಖಜಾಂಚಿಯ ಕೆಲಸ ಸಣ್ಣದೆಂದು ಕಾಣುತ್ತದೆ, ಆದರೆ ಸಂಘ ಮುರಿದುಬೀಳುವುದು ಅಲ್ಲಿಂದಲೇ. ವಾರ್ಷಿಕ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದ ವಿನಾಯಿತಿ ಪಡೆದ ಸಂಸ್ಥೆಗಳು ಫೆಡರಲ್ ತೆರಿಗೆ ಇಲಾಖೆಗೆ ವರ್ಷಕ್ಕೊಮ್ಮೆ ಒಂದು ಪುಟ್ಟ ಆನ್‌ಲೈನ್ ಅರ್ಜಿ ಸಲ್ಲಿಸಿದರೆ ಸಾಕು. ಸತತ ಮೂರು ವರ್ಷ ಮರೆತರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಪದಾಧಿಕಾರಿಗಳು ವರ್ಷ ವರ್ಷ ಬದಲಾಗುವ ಕಡೆ ಮೂರು ವರ್ಷ ಮರೆಯುವುದು ಕಷ್ಟದ ಕೆಲಸವಲ್ಲ. ಇನ್ನು 1997ರ ಫೆಡರಲ್ ಸ್ವಯಂಸೇವಕ ರಕ್ಷಣಾ ಕಾಯ್ದೆ, ಲಾಭರಹಿತ ಸಂಸ್ಥೆಗೆ ಸಂಬಳವಿಲ್ಲದೆ ದುಡಿಯುವವರು ತಮ್ಮ ಕರ್ತವ್ಯದ ವ್ಯಾಪ್ತಿಯೊಳಗೆ ಮಾಡಿದ ಸಾಧಾರಣ ತಪ್ಪುಗಳಿಗೆ ವೈಯಕ್ತಿಕ ಹೊಣೆಯಿಂದ ರಕ್ಷಣೆ ಕೊಡುತ್ತದೆ. ಘೋರ ನಿರ್ಲಕ್ಷ್ಯಕ್ಕೂ ಉದ್ದೇಶಪೂರ್ವಕ ಅಪರಾಧಕ್ಕೂ ಆ ರಕ್ಷಣೆ ಇಲ್ಲ, ಸಂಸ್ಥೆಯ ಮೇಲಿನ ಹೊಣೆಯೂ ಹೋಗುವುದಿಲ್ಲ.

ಅಧ್ಯಕ್ಷರಾಗಲು ಯಾರಿಗೆ ಸಾಧ್ಯ ಎಂಬ ಪ್ರಶ್ನೆಯನ್ನು ಸಂಘಗಳು ಸಾಕಷ್ಟು ಕೇಳಿಕೊಳ್ಳುತ್ತಿಲ್ಲ ಎಂಬ ಕೊರಗು ನನಗಿದೆ. ದೊಡ್ಡ ಗ್ರಂಥಾಲಯದ ನಿರ್ದೇಶಕರಿಗೆ ಸಹಾಯಕ ನಿರ್ದೇಶಕರಿರುತ್ತಾರೆ, ಅರ್ಧ ದಿನ ಹೊರಗಿದ್ದರೂ ಕೆಲಸ ನಡೆಯುತ್ತದೆ. ಮೂರು ಮಂದಿ ಸಿಬ್ಬಂದಿಯ ಊರಿನಲ್ಲಿ ನಿರ್ದೇಶಕರೇ ಕೌಂಟರಿನಲ್ಲಿ ಕುಳಿತಿರುತ್ತಾರೆ, ಮಕ್ಕಳಿಗೆ ಕತೆ ಹೇಳುವವರೂ ಅವರೇ. ಹೀಗಾಗಿ ನೇತೃತ್ವ ಪದೇ ಪದೇ ದೊಡ್ಡ ಗ್ರಂಥಾಲಯಗಳಿಗೇ ಹೋಗುತ್ತದೆ, ಸಣ್ಣವರ ಕಷ್ಟ ಸಭೆಯ ಕೊನೆಯ ವಿಷಯವಾಗುತ್ತದೆ. ಸಭೆಯ ಸ್ಥಳವನ್ನು ಊರಿಂದೂರಿಗೆ ಬದಲಾಯಿಸುವುದು, ದೂರದವರಿಗೆ ವಿಡಿಯೊ ಮೂಲಕ ಸೇರುವ ಮತ್ತು ಮತ ಹಾಕುವ ಹಕ್ಕನ್ನು ಬೈಲಾದಲ್ಲೇ ಬರೆಯುವುದು, ಅಧ್ಯಕ್ಷರ ಪತ್ರವ್ಯವಹಾರದ ಭಾರವನ್ನು ಕಾರ್ಯದರ್ಶಿಗೂ ಹಂಚುವುದು, ಇವುಗಳಿಂದ ಐದು ಸಾವಿರದ ಊರಿನವರೂ ಪೀಠದಲ್ಲಿ ಕೂರಲು ಸಾಧ್ಯವಾಗುತ್ತದೆ.

ಸಂಬಳವಿಲ್ಲದ ಸಂಘದ ಕೆಲಸದಿಂದ ಏನಾಗಬಹುದು ಎಂಬುದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಉದಾಹರಣೆ ಇದೆ. ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿದಾಗ ಅದರ ಕಾರ್ಯದರ್ಶಿಯಾಗಿ, 1945ರವರೆಗೂ ಆ ಹೊಣೆಯಲ್ಲಿದ್ದರು. ವಿಶ್ವವಿದ್ಯಾಲಯದ ಗ್ರಂಥಾಲಯ ಅವರ ಉದ್ಯೋಗ, ಸಂಘ ಅವರ ಸೇವೆ. ಆ ಸಂಘ ಸತತವಾಗಿ ಒತ್ತಾಯಿಸಿದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅಂಗೀಕಾರವಾಯಿತು, ಅಂದರೆ ಸಂಘ ಹುಟ್ಟಿ ಇಪ್ಪತ್ತು ವರ್ಷಕ್ಕೆ. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಒಂದು ವರ್ಷದ ಅವಧಿಯ ಅಮೆರಿಕದ ಪದ್ಧತಿಗೂ ಹದಿನೇಳು ವರ್ಷದ ಈ ಕಾರ್ಯದರ್ಶಿತನಕ್ಕೂ ಬಹಳ ಅಂತರವಿದೆ. ಹೊಸಬರಿಗೆ ಅವಕಾಶ ಸಿಗಬೇಕೆಂದರೆ ಅವಧಿ ಚಿಕ್ಕದಿರಬೇಕು, ಕಾನೂನಿನಂಥ ದೀರ್ಘ ಕೆಲಸಕ್ಕೆ ಯಾರಾದರೂ ಬಹುಕಾಲ ನಿಲ್ಲಬೇಕು. ನಿಕಟಪೂರ್ವ ಅಧ್ಯಕ್ಷರ ಹುದ್ದೆ ಆ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ.

ಆ ಮೂರನೆಯ ವರ್ಷ ಆರಂಭವಾಗುವುದು ಒಂದು ಕಡತವನ್ನು ಕೈದಾಟಿಸುವುದರಿಂದ. ಅದರಲ್ಲಿ ಬೈಲಾದ ಚಾಲ್ತಿ ಪ್ರತಿ, ಕಳೆದ ಐದು ವರ್ಷಗಳ ನಡಾವಳಿ, ತೆರಿಗೆ ಅರ್ಜಿ ಸಲ್ಲಿಸಿದ ರಸೀತಿಗಳು, ಖರ್ಚು ಹಂಚಿಕೆಯ ಸೂತ್ರ ಮತ್ತು ಅದಕ್ಕೆ ಬಳಸಿದ ಅಂಕಿಗಳ ಮೂಲ, ಅರ್ಧಕ್ಕೆ ನಿಂತ ಮಾತುಕತೆಗಳ ಟಿಪ್ಪಣಿ ಇರಬೇಕು. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹಳೆಯ ಮತ್ತು ಹೊಸ ಪದಾಧಿಕಾರಿಗಳು ಒಟ್ಟಿಗೆ ಹೋಗಿಬಂದರೆ ಒಳ್ಳೆಯದು. ಮುಂದಿನ ಸಭೆಯಲ್ಲಿ ನಿಕಟಪೂರ್ವ ಅಧ್ಯಕ್ಷರು ಸದಸ್ಯರ ಸಾಲಿನಲ್ಲಿ ಕುಳಿತು, ಒಂದು ವರ್ಷ ತಡೆದುಕೊಂಡಿದ್ದ ತಮ್ಮ ಊರಿನ ಮಾತನ್ನು ಹೇಳಲು ಕೈ ಎತ್ತುತ್ತಾರೆ, ಹೊಸ ಅಧ್ಯಕ್ಷರು ಅವರ ಸರದಿ ಬರುವವರೆಗೆ ಕಾಯಿಸುತ್ತಾರೆ.